ಕುಡಿಯದ ಇಲಿ

ಗಡಿಗೆಗಳ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಒಂದೊಂದಾಗಿ ಬಿಚ್ಚುತ್ತ, ಮೊಸರು ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಎಂದು ಗಡಿಗೆಯ ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಬಡಿದು ನೋಡುತ್ತ ಮೂಲೆಯವರೆಗೆ ಬಂದ ಜೈತುನಬಿಯ ಕೈ ಅಲ್ಲಿ ನಿಂತುಬಿಟ್ಟಿತು. ಮೂಲೆಯ ಗಡಿಗೆಯ ಬಟ್ಟೆ ತೂತಾಗಿತ್ತು. ತೂತಿನ ಸುತ್ತ ಎಳೆಗಳು ಜೊಲ್ಲಿಗೆ ಒದ್ದೆಯಾಗಿ ಅಂಟಿಕೊಂಡಿದ್ದವು. ಒಳಗೆ ಕೆನೆಯ ಮೇಲೆ ಬೆರಳ ತುದಿಯಷ್ಟು ಗುಳಿ, ಗುಳಿಯ ಪಕ್ಕದಲ್ಲಿ ಕರಿ ಹಿಕ್ಕೆ. ಎಮ್ಮೆಯ ಹಾಲನ್ನು ಕೆಂಪಗಾಗುವವರೆಗೆ ಕಾಯಿಸಿ, ಬೆಚ್ಚಗೆ ಆರಿಸಿ, ಹೆಪ್ಪು ಹಾಕಿ, ಆಮೇಲೆ ಮನೆಯವರೆಲ್ಲ ಕಳ್ಳರ ಹಾಗೆ ಹೆಜ್ಜೆ ಎತ್ತಿ ಇಟ್ಟು ಓಡಾಡಿ ಕೂರಿಸಿದ ಮೊಸರು ಅದು. ಹೆಪ್ಪು ಹಾಕಿದ ಗಡಿಗೆ ಒಂದಿಷ್ಟು ಅಲುಗಿದರೂ ಕೆಲಸ ಕೆಟ್ಟಿತು. ಕೊಲ್ಹಾರದ ಮೊಸರು ಎಂದರೆ ಗಡಿಗೆಯನ್ನು ಬೋರಲು ಹಿಡಿದರೂ ಬೀಳಬಾರದು. ಬಸ್‌ ಸ್ಟ್ಯಾಂಡಿನಲ್ಲಿ ಗಿರಾಕಿಯ ಎದುರು ಹಾಗೆ ಹಿಡಿದು ತೋರಿಸಿಯೇ ಅವಳು ಇಷ್ಟು ವರ್ಷ ಮಾರಿದ್ದಳು. ಅದೂ ಇವತ್ತೇ ಹೀಗಾಗಬೇಕೆ? ಮುದ್ದೇಬಿಹಾಳದಿಂದ ತಮ್ಮನ ಮಗಳು ಸಿದ್ದೀಕಾಳನ್ನು ನೋಡಿ ಮಾತು ಮುಗಿಸಲು ಬರುವವರಿಗೆಂದು ಕೆನೆ ಹೆಚ್ಚು ಬಿಟ್ಟು ಬೇರೆ ಇಟ್ಟಿದ್ದ ಗಡಿಗೆ ಇದೇ ಆಗಿತ್ತು.

"ನಿನ್ನ ವಂಶ ಹಾಳಾಗ್ಲಿ!" ಎಂದಳು, ಮೂಲೆಯ ಬಿಲದ ಕಡೆ ನೋಡಿ.

ಹೊರಸಿನ ಮೇಲಿಂದ ತಮ್ಮ ಅಯೂಬ ನಕ್ಕ. ಅವನ ನಗು ಈಗ ನಗುವಿನ ಹಾಗೆ ಕೇಳುತ್ತಿರಲಿಲ್ಲ, ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ ಕೇಳುತ್ತಿತ್ತು. ಮಾತೂ ಅಷ್ಟೇ, ಒದ್ದೆ ಬಟ್ಟೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಶಬ್ದಗಳು ಅಂಟಿಕೊಂಡು ಬರುತ್ತಿದ್ದವು. ಹೊಸಬರಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಅಕ್ಕನಿಗೆ ಎಲ್ಲ ತಿಳಿಯುತ್ತಿತ್ತು.

"ಹಂಗ ಅನಬ್ಯಾಡ ಆಪಾ," ಎಂದ. "ಇಲಿ ವಂಶ ಅಂದ್ರ ನಮ್ಮ ವಂಶಾನ ಆತು. ಬೆಂಗಳೂರಿಂದ ಬೀಗರು ಬಂದಿರಬೇಕು. ಉಂಡು ಹೋಗ್ಲಿ ಬಿಡು."

"ನಿನ್ನ ಬಾಯಾಗ ಮಣ್ಣ ಹಾಕ್ಲಿ. ಇವತ್ತೊಂದಿನ ಬಾಯಿ ಮುಚಗೊಂಡು ಕುಂದರು. ಬಂದವರ ಮುಂದ ಇಲಿ ಗಿಲಿ ಅಂದೀ, ನೋಡು."

"ನಾ ಯಾಕ ಅನ್ಲಿ? ನಂದು ಗಾಡಿ ಮ್ಯಾಲಿಂದ ಬಿದ್ದ ಕೇಸು." ಅವನು ಕಣ್ಣು ಹೊಡೆಯಲು ನೋಡಿದ, ಎರಡೂ ಕಣ್ಣು ಮುಚ್ಚಿಹೋದವು.

ಗಡಿಗೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಮೊಸರು ಬೀಳಲಿಲ್ಲ. ಬೋರಲು ಹಿಡಿದು ಬುಡಕ್ಕೆ ಗುದ್ದಿದರೂ ಬೀಳಲಿಲ್ಲ. ಕೊನೆಗೆ ಕೈ ಹಾಕಿ ಬಗೆದು ತೆಗೆಯಬೇಕಾಯಿತು. ಇಷ್ಟು ಒಳ್ಳೆಯ ಮೊಸರು. ಅವಳ ಕೈ ನಡುಗುತ್ತಿರಲಿಲ್ಲ, ಎಂದೂ ನಡುಗಿರಲಿಲ್ಲ. ಈ ರೋಗ ಬರುವುದಿದ್ದರೆ ನಿಮಗೆ ಇಷ್ಟು ಹೊತ್ತಿಗೆ ಬಂದಿರುತ್ತಿತ್ತು ಎಂದು ಬೆಂಗಳೂರಿನ ಆ ಡಾಕ್ಟರು ಹುಡುಗಿ ಪ್ರಿಯದರ್ಶಿನಿ ಹೇಳಿದ್ದಳು. ಅಮ್ಮಾ, ನೀವು ಪಾರಾಗಿದ್ದೀರಿ ಅನ್ನಿಸುತ್ತೆ, ಎಂದು ಬಹುಮಾನ ಬಂದವರಿಗೆ ಹೇಳುವ ಹಾಗೆ ಹೇಳಿದ್ದಳು. ಪಾರಾಗುವುದು ಎಂದರೇನು? ಮಕ್ಕಳಿಲ್ಲದ, ಗಂಡ ಸತ್ತ, ಮೊಸರು ಮಾರುವ ಹೆಂಗಸನ್ನು ಪಾರುಮಾಡಿ, ಎದೆಯೆತ್ತರದ ಮಗಳಿರುವ ಅಯೂಬನನ್ನು ಹಿಡಿದುಕೊಂಡಿತಲ್ಲ, ಅದಕ್ಕೆ ಕಣ್ಣಿಲ್ಲವೇ? ಬೆಂಗಳೂರಿನ ಸಂಶೋಧನಾಲಯದವರು ಮೊದಲ ಸಲ ಬಂದಾಗ ತಂಡ ಕಟ್ಟಿಕೊಂಡು ಬಂದು, ಅವಳದು, ಅಯೂಬನದು, ಗೋಠೆಯಲ್ಲಿದ್ದ ಚಿಕ್ಕಪ್ಪನ ಮಕ್ಕಳದು ಎಲ್ಲರ ರಕ್ತ ತೆಗೆದುಕೊಂಡು, ಬಿಸ್ಕೀಟು ಕೊಟ್ಟು ಹೋಗಿದ್ದರು. ಆಮೇಲೆ ಸುದ್ದಿಯೇ ಇಲ್ಲ. ಸಿದ್ದೀಕಾ ಹೈಸ್ಕೂಲು ಮುಗಿಸಿದಳು, ನರ್ಸಿಂಗ್ ಮುಗಿಸಿದಳು, ಅಯೂಬ ಕೋಲು ಹಿಡಿದ, ಕೋಲು ಬಿಟ್ಟು ಗೋಡೆ ಹಿಡಿದ, ಗೋಡೆ ಬಿಟ್ಟು ಹೊರಸು ಹಿಡಿದ. ಆಗ ಪ್ರಿಯದರ್ಶಿನಿ ಒಬ್ಬಳೇ ಕಂಪ್ಯೂಟರು ತಗೊಂಡು ಬಂದಳು, ಮೊಸರು ತಿಂದು ಹೊಗಳಿದಳು, ಹೊಸ್ತಿಲ ಒಳಗೆ ನೆಲದ ಮೇಲೆ ಕೂತು ಅದನ್ನು ತೆರೆದಳು.

ಒಂದು ಕಡೆ ಒಂದೇ ಮಾತು ಬೇಕಾದ್ದಕ್ಕಿಂತ ಜಾಸ್ತಿ ಸಲ ಬರೆದುಬಿಟ್ಟಿದೆ ಅಮ್ಮಾ, ಎಂದಳು ಅವಳು, ನಿಮ್ಮ ಮನೆತನದ ರಕ್ತದಲ್ಲಿ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು, ಮಗುವಿಗೆ ಬರಬಹುದು, ಬರದೇ ಇರಬಹುದು. ಎರಡು ಚೀಟಿಯಲ್ಲಿ ಒಂದು ಎತ್ತಿದ ಹಾಗೆ. ಅದೇ ತಪ್ಪನ್ನು ನಾವು ಇಲಿಯಲ್ಲಿ ಬರೆದು ನೋಡಿದ್ದೇವೆ. ನೋಡಿ, ಇದು ನಿಮ್ಮ ಮನೆತನದ ಇಲಿ. ಪರದೆಯ ಮೇಲೆ ಎರಡು ಕರಿ ಇಲಿಗಳು ತಿರುಗುವ ಒಂದು ಕೋಲಿನ ಮೇಲೆ ಕೂತಿದ್ದವು. ಕೋಲು ತಿರುಗಿದ ಹಾಗೆ ಒಂದು ಇಲಿ ಹೆಜ್ಜೆ ಹಾಕುತ್ತ ನಿಂತಿತು. ಇನ್ನೊಂದು ಹಿಡಿದುಕೊಂಡಿತು, ಜಾರಿತು, ಮತ್ತೆ ಹಿಡಿದುಕೊಂಡಿತು, ಬಿದ್ದುಬಿಟ್ಟಿತು. ಕೆಳಗೆ ಮೆತ್ತಗಿನದು ಏನೋ ಹಾಸಿದ್ದರು. ಬಿದ್ದ ಇಲಿಗೆ ನೋವಾಗಬಾರದೆಂದು ಮೆತ್ತಗಿನದು ಹಾಸಿದ್ದರು! ಆಮೇಲೆ ಒಂದು ಕಾಗದ ತೋರಿಸಿದಳು. ಇಲಿಯ ಮುಂಗಾಲಿಗೆ ಕೆಂಪು, ಹಿಂಗಾಲಿಗೆ ನೀಲಿ ಬಣ್ಣ ಹಚ್ಚಿ ಅದರ ಮೇಲೆ ನಡೆಸಿದ್ದರಂತೆ. ಒಂದರದು ಹೊಲಿಗೆ ಹಾಕಿದ ಹಾಗೆ ನೆಟ್ಟಗಿನ ಸಾಲು. ಇನ್ನೊಂದರದು ಆ ಕಡೆ ಒಂದು, ಈ ಕಡೆ ಒಂದು, ನಡುವೆ ಎಳೆದ ಗೀರು. ಅದನ್ನು ಕಂಡ ಕೂಡಲೇ ಜೈತುನಬಿ ಎದ್ದು ನಿಂತಿದ್ದಳು. ಆ ಸಾಲು ಅವಳಿಗೆ ಗೊತ್ತಿತ್ತು. ಈಗ ಅಣೆಕಟ್ಟಿನ ನೀರಿನೊಳಗಿರುವ ಹಳೆಯ ಕೊಲ್ಹಾರದಲ್ಲಿ, ಹೊಳೆಯ ದಂಡೆಯ ಹಸಿ ಮಣ್ಣಿನಲ್ಲಿ, ಬೆಳಗಿನ ನಮಾಜಿನಿಂದ ಮನೆಗೆ ಬಂದ ಅಬ್ಬಾನ ಹೆಜ್ಜೆಗಳು ಹೀಗೇ ಬಿದ್ದಿರುತ್ತಿದ್ದವು. ಕೊಡ ಹೊತ್ತು ಹೋಗುವಾಗ ಅವಳು ಅವುಗಳನ್ನು ಕಾಲಿನಿಂದ ಅಳಿಸುತ್ತ ಹೋಗುತ್ತಿದ್ದಳು, ಯಾರೂ ನೋಡಬಾರದೆಂದು.

"ಇದು ಕುಡದೈತೇನ್ರಿ?" ಎಂದು ಕೇಳಿದ್ದಳು ಅವಳು.

ಹುಡುಗಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಕುಡಿಯೋದಾ? ಇಲ್ಲಮ್ಮಾ, ನೀರು ಬಿಟ್ಟರೆ ಇದಕ್ಕೆ ಏನೂ ಕೊಡೋದಿಲ್ಲ."

"ಮತ್ತ ಇದನ್ನ ಮುಂದ ಏನ ಮಾಡ್ತೀರಿ?"

ಹುಡುಗಿ ಕಂಪ್ಯೂಟರು ಮುಚ್ಚುತ್ತ, ಮೆದುಳು ತೆಗೆದು ನೋಡುತ್ತೇವೆ, ಎಂದಳು. ಔಷಧ? ಅದಕ್ಕಿನ್ನೂ ಸಮಯ ಬೇಕು. ನಿಮ್ಮ ಮನೆಯವರ ಉಪಕಾರ ದೊಡ್ಡದು. ಹೋಗುವಾಗ ಒಂದು ಗಡಿಗೆ ಮೊಸರು ಬೇಡವೆಂದರೂ ಕಟ್ಟಿಕೊಟ್ಟಿದ್ದಳು ಜೈತುನಬಿ. ಅವಳು ಕಣ್ಣಿಗೆ ಮರೆಯಾದ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಹುಡುಗಿಯ ಕೊರಳು ಹಿಸುಕಬೇಕೆನಿಸಿತು. ಅವಳ ತಪ್ಪೇನು? ತಪ್ಪಿಲ್ಲದವರ ಮೇಲೆಯೇ ಸಿಟ್ಟು ಬರುವುದು ಸುಲಭ. ಇಲಿ ತೂರಾಡಿದರೆ ವಿದ್ಯಾವಂತರು ಸುತ್ತ ಕೂತು ಯಾಕೆ ತೂರಾಡಿತು ಎಂದು ಬರೆದುಕೊಳ್ಳುತ್ತಾರೆ. ಯಾರೂ ಅದರ ಬಾಯಿ ಮೂಸಿ ನೋಡುವುದಿಲ್ಲ.

ಅಬ್ಬಾ ಇಬ್ರಾಹಿಂಸಾಬನ ಬಾಯಿ ಮೂಸಿದ್ದರು. ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ, ಮಸೀದಿಯ ಅಂಗಳದಲ್ಲಿ, ಎಲ್ಲರೆದುರು. ಐದು ಹೊತ್ತೂ ಬಾಂಗ್ ಕೊಟ್ಟು ಊರನ್ನು ನಮಾಜಿಗೆ ಕರೆಯುತ್ತಿದ್ದ ಮನುಷ್ಯ. ಅವನ ಧ್ವನಿ ಹೊಳೆಯ ಆಚೆ ದಂಡೆಗೂ ಕೇಳುತ್ತಿತ್ತು ಎನ್ನುತ್ತಿದ್ದರು. ಆ ಧ್ವನಿ ಒಂದು ವರ್ಷ ತೊದಲಲು ಹತ್ತಿತು, ಅಲ್ಲಾಹನ ಹೆಸರೇ ನಾಲಿಗೆಯ ಮೇಲೆ ಜಾರತೊಡಗಿತು, ಮೆಟ್ಟಿಲ ಮೇಲೆ ಕಾಲು ತಪ್ಪಿತು. ಕುಡಿದು ಬಂದು ಬಾಂಗ್ ಕೊಡುತ್ತಾನೆ ಎಂದರು. ಜಮಾತಿನಲ್ಲಿ ಆಗ ಹೊಸದಾಗಿ ಹಿರಿತನಕ್ಕೆ ಬಂದಿದ್ದ ಅಪ್ಪಾಸಾಬ, ಬಾಯಿ ತೆರೀರಿ ಎಂದು ಮುಖದ ಹತ್ತಿರ ಮುಖ ತಂದು ಮೂಸಿದ. ಸೆರೆಯ ವಾಸನೆ ಇರಲಿಲ್ಲ, ಲವಂಗದ ವಾಸನೆ ಇತ್ತು. ಹಲ್ಲು ನೋವೆಂದು ಬೆಳಿಗ್ಗೆ ಜೈತುನಬಿಯೇ ಲವಂಗ ಕೊಟ್ಟಿದ್ದಳು. ವಾಸನೆ ಮುಚ್ಚಾಕ ಲವಂಗ ತಿಂದು ಬಂದಾನ, ಎಂದ ಅಪ್ಪಾಸಾಬ; ಅಷ್ಟೇ, ತೀರ್ಪಾಯಿತು. ಸೆರೆ ಮುಟ್ಟಿ ಸಹ ನೋಡದ ಅಬ್ಬಾ, ನನಗೇನು ಆಗಾಕತ್ತೈತಿ ಅಂತ ನನಗೂ ಗೊತ್ತಿಲ್ರೆಪಾ ಎಂದು ತೊದಲಿದ್ದು ಕುಡುಕನ ತೊದಲಿನ ಹಾಗೆಯೇ ಕೇಳಿಸಿತು. ಅವನು ಸತ್ತದ್ದು ಯಾರೂ ಸಲಾಮು ಹೇಳದ ಮನೆಯಲ್ಲಿ. ಊರು ಮುಳುಗಿತು, ಹೊಸ ಊರಾಯಿತು, ಹೊಸ ಮಸೀದಿಯಾಯಿತು, ಮಸೀದಿಯ ಗೋಡೆಯ ಮೇಲೆ ಹಳೆಯ ಊರಿನಿಂದ ಹಿಡಿದು ಬಾಂಗ್ ಕೊಟ್ಟವರೆಲ್ಲರ ಹೆಸರನ್ನು ಹಸಿರು ಬಣ್ಣದಲ್ಲಿ ಬರೆಸಿದರು. ಅಬ್ಬಾನ ಹೆಸರಿಲ್ಲ. ಆ ಅಪ್ಪಾಸಾಬ ಇವತ್ತಿಗೂ ಅವಳ ಮನೆಯ ಮೊಸರನ್ನೇ ತಿನ್ನುತ್ತಾನೆ. ಜೈತುನವ್ವಾ, ನಿನ್ನ ಕೈ ಗುಣ ಬ್ಯಾರೇನ ಐತಿ, ಎನ್ನುತ್ತಾನೆ. ಅವಳು ನೆಟ್ಟಗೆ ಗಡಿಗೆ ಕೊಟ್ಟು, ನೆಟ್ಟಗೆ ಒಳಗೆ ಬರುತ್ತಾಳೆ.

ಜಮಾತಿನಲ್ಲಿ ಹೆಂಗಸರು ಬಂದು ಕೂರುವಂತಿಲ್ಲ. ಏನಿದ್ದರೂ ಬರೆದು ಕೊಡಬೇಕು. ಇಲಿಯನ್ನು ಕಂಡ ವಾರವೇ ಅವಳು ಬರೆದಿದ್ದಳು, ತಪ್ಪಿದ್ದನ್ನು ಹೊಡೆದುಹಾಕಿ ಮತ್ತೆ ಮತ್ತೆ. ನಮ್ಮ ತಂದೆ ಇಬ್ರಾಹಿಂಸಾಬರು ಕುಡಿಯುತ್ತಿರಲಿಲ್ಲ. ಅದು ರಕ್ತದಲ್ಲಿ ಬಂದ ರೋಗ. ಅದೇ ರೋಗ ಇಟ್ಟು ಇಲಿ ಮಾಡಿ ನೋಡಿದ್ದಾರೆ, ಇಲಿಯೂ ಹಾಗೇ ತೂರಾಡುತ್ತದೆ, ಅದು ನೀರು ಬಿಟ್ಟರೆ ಏನೂ ಕುಡಿಯುವುದಿಲ್ಲ. ನಮ್ಮ ತಂದೆಯ ಹೆಸರನ್ನು ಗೋಡೆಯ ಮೇಲೆ ಬರೆಸಬೇಕು. ಬರೆದು, ಮಡಿಚಿ, ಲಕೋಟೆಗೆ ಹಾಕಿ, ಕಳಿಸಲು ಎದ್ದವಳು ಸಿದ್ದೀಕಾಳ ಮುಖ ಕಂಡು ಕೂತಳು. ರಕ್ತದಲ್ಲಿ ಬಂದದ್ದು ಎಂದು ಜಮಾತಿನಲ್ಲಿ ಓದಿದರೆ ಸಂಜೆಗೆ ಬಸವನ ಬಾಗೇವಾಡಿ ಮುಟ್ಟುತ್ತದೆ, ಮರುದಿನ ಸಿಂದಗಿ, ಇಂಡಿ ಮುಟ್ಟುತ್ತದೆ. ಈ ಹುಡುಗಿಯನ್ನು ಯಾರು ತಗೊಂಡಾರು? ಸತ್ತವನ ಮಾನ ಉಳಿಸಬೇಕೆಂದರೆ ಇದ್ದವಳ ಬಾಳು ಕೊಡಬೇಕು. ಲಕೋಟೆ ಟ್ರಂಕಿನ ತಳಕ್ಕೆ ಹೋಯಿತು. ಕೇಳಿದವರಿಗೆ ಅಯೂಬ ಗಾಡಿಯಿಂದ ಬಿದ್ದವನಾದ.

ಮುದ್ದೇಬಿಹಾಳದವರು ಬಂದಾಗ ಬಿಸಿಲು ಏರಿತ್ತು. ಹುಡುಗ ಸಲ್ಮಾನನ ತಾಯಿ ಶಮಶಾದಬಿ ಮೈಕೈ ತುಂಬಿಕೊಂಡ, ಕೂತಲ್ಲೆಲ್ಲ ಮನೆಯಾಕೆಯಂತೆ ಕೂರುವ ಹೆಂಗಸು. ಅವಳ ನಾದಿನಿ ಸಗೀರಾ ಬಡಕಲು. ಮನೆಯ ಗೋಡೆ, ಕಪಾಟು, ಹೊರಸಿನ ಮೇಲಿನ ಅಯೂಬ, ಎಲ್ಲವನ್ನೂ ಸಂತೆಯಲ್ಲಿ ಕಾಯಿಪಲ್ಲೆ ನೋಡುವ ಹಾಗೆ ನೋಡುತ್ತ ಕೂತಳು. ಚಹಾ ಆಯಿತು, ಶೇಂಗಾ ಹೋಳಿಗೆ ಆಯಿತು. ಸಿದ್ದೀಕಾ ಬಂದು ತಟ್ಟೆ ಇಟ್ಟು, ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ಒಳಗೆ ಹೋದಳು. ಅವಳು ನಡೆದು ಹೋಗುವಾಗ ಸಗೀರಾ ಅವಳ ಕಾಲನ್ನೇ ನೋಡುತ್ತಿದ್ದುದನ್ನು ಜೈತುನಬಿ ಕಂಡಳು. ಅವಳೂ ಈಗೀಗ ಆ ಹುಡುಗಿಯ ಕಾಲನ್ನೇ ನೋಡುತ್ತಿದ್ದಳಲ್ಲವೇ, ಕೊಡ ತರುವಾಗ, ಮೆಟ್ಟಿಲಿಳಿಯುವಾಗ? ತನ್ನ ಕಣ್ಣು ಇನ್ನೊಬ್ಬಳ ಮುಖದಲ್ಲಿ ಕಂಡು ಅವಳಿಗೆ ಹೇಸಿಗೆಯಾಯಿತು.

"ನೋಡ್ರಿ ಜೈತುನಬಿ," ಎಂದಳು ಶಮಶಾದಬಿ, ಚಹಾದ ಬಟ್ಟಲು ಕೆಳಗಿಟ್ಟು, "ನಾ ಮಾತ ಹೊಟ್ಯಾಗ ಇಟಗೊಳ್ಳಾಕಿ ಅಲ್ಲ. ಹುಡುಗಿ ಛಲೋ ಅದಾಳ, ನಮ್ಮ ಸಲ್ಮಾನನ ಮನಸಿಗೆ ಬಂದಾಳ. ಆದ್ರ ಊರಾಗ ನಾಕ ಮಂದೀನ ಕೇಳಬೇಕಾಗತೈತಿ, ಕೇಳಿದ್ವಿ. ನೀವು ಇವರು ಗಾಡಿ ಮ್ಯಾಲಿಂದ ಬಿದ್ದಾರ ಅಂದಿದ್ರಿ. ಬಸ್‌ ಸ್ಟ್ಯಾಂಡಿನ್ಯಾಗ ಒಬ್ಬಾಂವ ಅಂದ, ಇವರಪ್ಪನೂ ಹಿಂಗ ತೂರಾಡತಿದ್ದ ಅಂತ."

"ಅಪ್ಪಗೂ ಮಗಗೂ ಒಂದ ನಮೂನಿ ಅಂದ್ರ ಹೆದರಿಕಿ ಬರತೈತ್ರಿ," ಎಂದಳು ಸಗೀರಾ. "ತಂಗಡಗ್ಯಾಗ ನಮ್ಮ ಕಾಕಾನ ಮನಿಗೆ ಹಿಂಗ ಒಂದ ಹುಡುಗೀನ ತಂದ್ರು. ಕೂಸ ಆದ ಮ್ಯಾಲ ಕೈಕಾಲ ಬಿಟ್ಟತು. ರಕ್ತದಾಗಿಂದಂತ."

"ನೀ ಸುಮ್ಮಕಿರ. ನಾ ಕೇಳಾಕತ್ತಿಲ್ಲೇನು?" ಶಮಶಾದಬಿ ಮುಂದೆ ಬಾಗಿ, ದನಿ ಇಳಿಸಿದಳು. ಅವಳ ಮುಖದಲ್ಲಿ ಕೆಟ್ಟತನವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಆ ಮನಶ್ಯಾ ಅಂದ, ಇವರಪ್ಪ ಕುಡೀತಿದ್ದ, ಮಸೂತಿಯಿಂದ ಹೊರಗ ಹಾಕಿದ್ರು ಅಂತ. ಹಂಗಿದ್ರ ಹಂಗ ಹೇಳಿಬಿಡ್ರಿ ಯವ್ವಾ, ನಮಗೇನ ಬ್ಯಾಸರಿಲ್ಲ. ಕುಡಿತಾ ಗಂಡಸರ ಕರ್ಮ. ಹೆಣ್ಣಮಕ್ಕಳಿಗೆ ಹತ್ತೂದಿಲ್ಲ. ರೋಗ ಹತ್ತತೈತಿ. ನಿಮ್ಮ ಬಾಯಿಲೆ ಒಂದ ಮಾತ ಕೇಳಿದ್ರ ನಾ ಇವತ್ತ ಹೂಂ ಅಂತೇನಿ. ಕುಡೀತಿದ್ರಲ್ಲ?"

ಜೈತುನಬಿಗೆ ಒಮ್ಮೆಲೇ ಲವಂಗದ ವಾಸನೆ ಬಂತು. ಮನೆಯಲ್ಲಿ ಲವಂಗವಿರಲಿಲ್ಲ, ಇದ್ದರೂ ಡಬ್ಬಿಯೊಳಗಿರಬೇಕು. ಗಾಡಿ ಎಲ್ಲಿ ಬಿತ್ತು, ಯಾವ ಆಸ್ಪತ್ರೆ, ಎಷ್ಟು ಹೊಲಿಗೆ, ಎಲ್ಲವನ್ನೂ ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದಳು. ಯಾರೂ ಅದನ್ನು ಕೇಳಲಿಲ್ಲ. ಕೇಳಿದ್ದು ಇದನ್ನು. ಇಷ್ಟು ವರ್ಷ ಮಂದಿ ಅವಳ ಬೆನ್ನ ಹಿಂದೆ ಹೇಳಿದ್ದನ್ನು ಈಗ ಅವಳೇ, ಮುಂದೆ ಕೂತು, ತನ್ನ ಬಾಯಿಯಿಂದ ಹೇಳಬೇಕು. ಹೇಳಿದರೆ ಹುಡುಗಿಗೆ ಮನೆ ಸಿಗುತ್ತದೆ. ಒಳಗೆ ಅಡಿಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತ್ತು. ಹೊರಸಿನ ಮೇಲೆ ಅಯೂಬ ಚಾವಣಿ ನೋಡುತ್ತಿದ್ದ.

"ಹೌದ್ರಿ," ಎಂದಳು. "ಕುಡೀತಿದ್ರು."

"ಅಪ್ಪಾ?"

"ಅಬ್ಬಾ."

"ಮತ್ತ ಇವರು?"

ಅವಳು ಬಾಯಿ ತೆರೆಯುವ ಮೊದಲೇ ಹೊರಸು ಕಿರುಗುಟ್ಟಿತು. ಅಯೂಬ ಎದ್ದು ಕೂತಿದ್ದ. ತಲೆ ಒಂದು ಕಡೆ ವಾಲಿಸಿ, ಕೈಯನ್ನು ಗಾಳಿಯಲ್ಲಿ ಬೀಸಿ, "ನಾನೂ ರೀ, ಬಾಯಾರ! ಭಾಳ ಕುಡದೇನಿ. ಗಾಡಿ ಮ್ಯಾಲಿಂದ ಬಿದ್ದದ್ದೂ ಕುಡದ ಬಿದ್ದದ್ದು. ಒಂದ ಗಿಲಾಸ ಇದ್ರ ಈಗೂ ಕೊಡ್ರಿ ನೋಡೂನು!" ಎಂದ. ಮಾತು ಜಾರಿತು, ಜೊಲ್ಲು ಗದ್ದಕ್ಕೆ ಇಳಿಯಿತು, ತೋಳು ತನ್ನಷ್ಟಕ್ಕೆ ತಾನೇ ಹಾರಿತು. ಕುಡುಕನ ಪಾರ್ಟು ಅದಕ್ಕಿಂತ ಚೆನ್ನಾಗಿ ಯಾವ ನಾಟಕದವನೂ ಮಾಡಲಾರ. ಅವನು ಏನೂ ಮಾಡಲಿಲ್ಲ. ತಾನು ಇದ್ದ ಹಾಗೆ ಇದ್ದ, ಅಷ್ಟೇ.

"ಅಯ್ಯ ತೋಬಾ, ತೋಬಾ!" ಶಮಶಾದಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಎದೆಯ ಮೇಲಿನ ಕಲ್ಲು ಇಳಿದವಳ ನಗು. ಸಗೀರಾ ಕೂಡ ನಕ್ಕಳು. ಆಗ ಜೈತುನಬಿಯೂ ನಕ್ಕಳು. ಆ ನಗು ಹೇಗೆ ಬಂತೋ ಅವಳಿಗೆ ಗೊತ್ತಿಲ್ಲ. ಹೊರಗಿನ ಯಾವುದೋ ಹೆಂಗಸು ಬಂದು ತನ್ನ ಬಾಯಲ್ಲಿ ಕೂತು ನಕ್ಕು ಹೋದ ಹಾಗಾಯಿತು.

"ಮೊಸರರೆ ತೋರಸ್ರಿ ಇನ್ನ, ಬೋರಲ ಹಿಡದ್ರೂ ಬೀಳೂದಿಲ್ಲಂತಲ್ಲ," ಎಂದಳು ಶಮಶಾದಬಿ, ಈಗಾಗಲೇ ಬೀಗತಿಯ ಸಲಿಗೆಯಲ್ಲಿ.

ಜೈತುನಬಿ ಎದ್ದು ಇನ್ನೊಂದು ಗಡಿಗೆ ತಂದಳು. ಬಟ್ಟೆ ಬಿಚ್ಚಿದಳು. ಎರಡೂ ಕೈಯಲ್ಲಿ ಹಿಡಿದು ಅವರೆದುರು ಬೋರಲು ಮಾಡಿದಳು. ಸಾವಿರ ಸಲ ಮಾಡಿದ ಕೆಲಸ. ಕೈ ನಡುಗಿತು. ಮೊಣಕೈಯಿಂದ ಹೊರಟು ಬೆರಳಿನವರೆಗೆ, ಅವಳದಲ್ಲದ ಯಾವುದೋ ನಡುಕ. ರೋಗವಲ್ಲ, ಅವಳಿಗೆ ಗೊತ್ತು, ಬರೀ ಸಿಟ್ಟು. ಗಡಿಗೆ ಜಾರಿ ನೆಲಕ್ಕೆ ಬಡಿದು ಎರಡು ಹೋಳಾಯಿತು. ಮೊಸರು ಒಡೆದು, ಹರಡಿ, ಹೊಸ್ತಿಲವರೆಗೆ ಬೆಳ್ಳಗೆ ಬಿತ್ತು.

"ಇರ್ಲಿ, ಇರ್ಲಿ. ಹಾಲು ಮೊಸರು ಚೆಲ್ಲಿದ್ರ ಮನಿಗೆ ಛಲೋನ ಆಗತೈತಿ," ಎಂದು ಶಮಶಾದಬಿ ಕಾಲು ಎತ್ತಿಟ್ಟು ದಾಟಿದಳು. ಮಸೀದಿಯ ಮೈಕಿನಲ್ಲಿ ಜುಮ್ಮಾದ ಬಾಂಗ್ ಸುರುವಾಗಿತ್ತು. ಈಗ ಕೊಡುವವನು ವಿಜಯಪುರದಲ್ಲಿ ಓದಿ ಬಂದ ಎಳೆಯ ಹುಡುಗ, ಅವನ ಧ್ವನಿ ಒಂದೆಡೆಯೂ ಜಾರುವುದಿಲ್ಲ. ತಾರೀಖು ನೋಡಿ ಹೇಳಿ ಕಳಿಸುತ್ತೇವೆ ಎಂದು ಹೇಳಿ ಅವರ ಗಾಡಿ ಹೊರಟು ಹೋಯಿತು.

ಜೈತುನಬಿ ಚೆಲ್ಲಿದ ಮೊಸರಿನ ಮುಂದೆ ಕೂತಳು. ಬಾಚಬೇಕು, ನೊಣ ಬರುತ್ತವೆ. ಬಾಚಲಿಲ್ಲ. ಅಯೂಬ ಗೋಡೆಯ ಕಡೆ ತಿರುಗಿ ಮಲಗಿದ್ದ. ಇಷ್ಟು ದಿನ ಜಮಾತಿನ ಮೇಲೆ ಸಿಟ್ಟು, ಡಾಕ್ಟರ ಮೇಲೆ ಸಿಟ್ಟು, ಸತ್ತ ಗಂಡನ ಮೇಲೆಯೂ ಸಿಟ್ಟು ಇಟ್ಟುಕೊಂಡು ಬದುಕಿದ್ದಳು. ಈಗ ಸಿಟ್ಟು ತಿರುಗಿ ನಿಂತು ತನ್ನನ್ನೇ ನೋಡುತ್ತಿತ್ತು. ಅಪ್ಪಾಸಾಬ ಒಂದು ಸಲ ಮೂಸಿದ್ದ. ತಾನು?

"ಫುಪ್ಪು," ಎಂದಳು ಸಿದ್ದೀಕಾ ಅಡಿಗೆಮನೆಯ ಬಾಗಿಲಲ್ಲಿ ನಿಂತು. ಸೋದರತ್ತೆಯನ್ನು ಅವಳು ಹಾಗೇ ಕರೆಯುವುದು. "ಅಜ್ಜಾ ಕುಡೀತಿದ್ರೇನು?"

"ಸುಮ್ಮಕ ಒಳಗ ಹೋಗು."

"ಹೇಳ್ರಿ. ಕುಡೀತಿದ್ರೇನು?"

"ಯಾರ ಸಲುವಾಗಿ ಹೇಳಿದೆ? ನನ್ನ ಮದವಿ ಮಾಡಾಕ ಬಂದಿದ್ರೇನು ಅವರು? ನಿನಗ ಒಂದ ಮನಿ ಆಗ್ಲಿ ಅಂತ ನಾ ನನ್ನ ಅಪ್ಪನ್ನ..." ಮಾತು ಮುಂದೆ ಹೋಗಲಿಲ್ಲ. "ಖೋಡಿ. ಕೇಳಾಕ ಬಂದಾಳ."

"ನನ್ನ ಸಲುವಾಗಿ ಸತ್ತವರ ಬಾಯಾಗ ಸೆರೆ ಹೊಯ್ಯಬ್ಯಾಡ್ರಿ," ಎಂದಳು ಸಿದ್ದೀಕಾ. ದನಿ ಏರಲಿಲ್ಲ. "ಇದ್ದವರ ಬಾಯಾಗೂ ಬ್ಯಾಡ. ನಮ್ಮಪ್ಪ ಅವರ ಮುಂದ ಮಂಗ್ಯಾನಂಗ ಕುಣದ. ನೀವು ನಕ್ರಿ."

ಜೈತುನಬಿಯ ಕೈ ಎದ್ದಿತು. ಹೊಡೆಯಲು ಎದ್ದ ಕೈ ಅಲ್ಲೇ, ಹುಡುಗಿಯ ಕೆನ್ನೆಯ ಹತ್ತಿರ, ನಿಂತಿತು. ಸಿದ್ದೀಕಾ ಹಿಂದೆ ಸರಿಯಲಿಲ್ಲ.

"ನಾ ಸಲ್ಮಾನಗ ಫೋನ ಮಾಡಿ ಹೇಳೀನಿ," ಎಂದಳು. "ಆಗ್ಲೇ, ಅವರು ಚಪ್ಪಲಿ ಮೆಟ್ಟೂಮುಂದ. ಇದು ರೋಗ, ರಕ್ತದಾಗ ಐತಿ, ನನಗೂ ಬಂದಿರಬಹುದು, ಬರಲಾರದನೂ ಇರಬಹುದು ಅಂತ."

"ಏನಂದ?"

"ಅಮ್ಮೀ ಮನಿಗೆ ಬರ್ಲಿ ಅಂದ. ಆಮ್ಯಾಲ ಫೋನ ಇಟ್ಟ."

ಇಷ್ಟು ವರ್ಷ ನುಂಗಿದ್ದೆಲ್ಲ ಒಂದು ಫೋನಿನಲ್ಲಿ ಮುಗಿಯಿತು! ಹುಡುಗಿಯನ್ನು ಹಿಡಿದು ಅಲುಗಾಡಿಸಬೇಕು, ಬಡಿಯಬೇಕು, ಅಪ್ಪಿಕೊಳ್ಳಬೇಕು. ಯಾವುದೂ ಆಗದೆ ಜೈತುನಬಿ ತನ್ನ ಹಣೆಯನ್ನೇ ಬಡಿದುಕೊಂಡಳು. ಹೊಸ್ತಿಲಲ್ಲಿ ನೊಣಗಳು ಕೂತಿದ್ದವು.

"ಆಪಾ," ಎಂದ ಅಯೂಬ. ಗೋಡೆಯಿಂದ ಇತ್ತ ತಿರುಗಿದ್ದ. "ಪತ್ರ ತಾ."

"ಯಾವ ಪತ್ರ?"

"ಟ್ರಂಕಿನ ಬುಡದಾಗ ಇಟ್ಟೀಯಲ್ಲ. ನನ್ನ ಕಾಲ ಹೋಗ್ಯಾವು, ಕಣ್ಣ ಹೋಗಿಲ್ಲ. ಇವತ್ತ ಜುಮ್ಮಾ. ನಮಾಜ ಬಿಟ್ಟ ಮ್ಯಾಲ ಅಪ್ಪಾಸಾಬ ಕಟ್ಟಿ ಮ್ಯಾಲ ಕುಂದರತಾನ."

"ಯಾರ ಕೈಯಾಗ ಕಳಸ್ಲಿ?"

"ನಾ ಒಯ್ತೇನಿ."

"ನೀ ಬೀಳ್ತಿ."

"ಬೀಳ್ತೇನಿ. ಇಲಿ ಬೀಳೂದಿಲ್ಲೇನು?"

ಅವಳು ಒಳಗೆ ಹೋದಳು. ಟ್ರಂಕಿನ ಮುಚ್ಚಳ ಎತ್ತಿದಳು. ಲಕೋಟೆಯ ಅಂಚು ಮುದುರಿತ್ತು, ಅಂಟು ಬಿಟ್ಟಿತ್ತು. ತೆರೆದು ಓದಲಿಲ್ಲ, ಓದಿದರೆ ಮತ್ತೆ ತಿದ್ದಬೇಕೆನಿಸುತ್ತದೆ, ತಿದ್ದಲು ಕೂತರೆ ಮತ್ತೆ ಟ್ರಂಕು. ಹೊರಗೆ ಬಂದು ಸಿದ್ದೀಕಾಳ ಎದುರು ಹಿಡಿದಳು. ಸಿದ್ದೀಕಾ ಅದನ್ನು ನೋಡಿದಳು, ತನ್ನ ದುಪಟ್ಟಾಕ್ಕೆ ಚುಚ್ಚಿದ್ದ ಪಿನ್ನು ಬಿಚ್ಚಿ ಅತ್ತೆಯ ಕೈಗೆ ಕೊಟ್ಟಳು. ಅಯೂಬನ ಕೈ ಏನನ್ನೂ ಹಿಡಿಯುವ ಕೈಯಲ್ಲ. ಜೈತುನಬಿ ಅವನ ಅಂಗಿಯ ಎದೆಗೆ ಲಕೋಟೆ ಇಟ್ಟು ಪಿನ್ನು ಚುಚ್ಚಿದಳು.

"ಟಪಾಲ ತಯಾರ," ಎಂದ ಅವನು. ಎದ್ದ. ಗೋಡೆ ಹಿಡಿದ. ಸಿದ್ದೀಕಾ ತೋಳಿಗೆ ಕೈ ಹಾಕಲು ಹೋದಾಗ ತಲೆ ಅಲ್ಲಾಡಿಸಿದ. "ಬಿಡವಾ. ನೀ ಹಿಡಕೊಂಡ್ರ ಅವರಿಗೆ ಏನ ಕಾಣಸ್ತೈತಿ?"

ಚೆಲ್ಲಿದ ಮೊಸರಿನೊಳಗೆ ಅವನ ಬರಿಗಾಲು ಬಿತ್ತು, ಜಾರಿತು, ಬಾಗಿಲ ಚೌಕಟ್ಟು ಅವನನ್ನು ಹಿಡಿದುಕೊಂಡಿತು. ಆಮೇಲೆ ಅವನು ಬೀದಿಗೆ ಇಳಿದ. ಬಿಸಿಲಿಗೆ ಕಾದ ಕರಿ ಡಾಂಬರಿನ ಮೇಲೆ ಬೆಳ್ಳನೆಯ ಹೆಜ್ಜೆಗಳು ಬೀಳುತ್ತ ಹೋದವು, ಆ ಕಡೆ ಒಂದು, ಈ ಕಡೆ ಒಂದು, ನಡುವೆ ಎಳೆದ ಗೀರು. ಜೈತುನಬಿ ಹೊಸ್ತಿಲಲ್ಲಿ ನಿಂತು ನೋಡಿದಳು. ಹೋಗಿ ಅಳಿಸಬೇಕು ಎಂದು ಅವಳ ಕಾಲು ಒಮ್ಮೆ ಎದ್ದಿತು. ಇಟ್ಟಳು, ಇದ್ದಲ್ಲೇ.

ನಮಾಜು ಬಿಟ್ಟಿತ್ತು. ಬೀದಿಯ ತುದಿಯಲ್ಲಿ ಟೊಪ್ಪಿಗೆಗಳು ಮಸೀದಿಯಿಂದ ಹೊರಗೆ ಬರುತ್ತಿದ್ದವು. ಪಾನ್ ಅಂಗಡಿಯ ಮುಂದೆ ಯಾರೋ, "ಲೇ ನೋಡ್ರೆಲೇ, ಅಯೂಬ ಹಗಲಾಗ ಏರಿಸ್ಯಾನ, ಅದೂ ಜುಮ್ಮಾದ ದಿನ," ಎಂದರು. ಅಯೂಬ ಬಿದ್ದ. ಎದ್ದ. ಎದ್ದವನ ಮೊಣಕಾಲಿಗೆ ರಕ್ತ ಬಂದಿತ್ತು. ಹಿಡಿಯಲು ಬಂದವನೊಬ್ಬನನ್ನು ಮೊಣಕೈಯಿಂದ ನೂಕಿದ, ಮತ್ತೆ ನಡೆದ. ನಗುತ್ತಿದ್ದವರು ಒಬ್ಬೊಬ್ಬರಾಗಿ ನಗುವುದನ್ನು ಬಿಟ್ಟರು. ಎದೆಗೆ ಚುಚ್ಚಿದ ಲಕೋಟೆ ಕಂಡಿತೋ, ರಕ್ತ ಕಂಡಿತೋ. ಜೈತುನಬಿಯ ಪಕ್ಕದಲ್ಲಿ ಸಿದ್ದೀಕಾ ಬಂದು ನಿಂತಿದ್ದಳು.

ಕಟ್ಟೆಯ ಮೇಲೆ ಅಪ್ಪಾಸಾಬ ಕೋಲಿಗೆ ಗದ್ದ ಊರಿ ಕೂತಿದ್ದ. ಅಯೂಬ ಅವನ ಮುಂದೆ ಹೋಗಿ ನಿಂತ, ನಿಂತದ್ದು ನಿಲ್ಲದೆ ಕಟ್ಟೆಯ ಅಂಚು ಹಿಡಿದ. ಏನೋ ಹೇಳಿದ, ಇಷ್ಟು ದೂರಕ್ಕೆ ಜೈತುನಬಿಗೆ ಕೇಳಲಿಲ್ಲ. ಆಮೇಲೆ ಅವನು ಬಾಗಿ, ಮುದುಕನ ಮುಖದ ಹತ್ತಿರ ಮುಖ ಒಯ್ದು, ಬಾಯಿ ಅಗಲಿಸಿ ತೆರೆದು ಹಾಗೇ ನಿಂತುಬಿಟ್ಟ. ಅಂಗಳದಲ್ಲಿದ್ದವರೆಲ್ಲ ನಿಂತರು. ಅಪ್ಪಾಸಾಬ ಮುಖ ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಬಾಯಿ ಮುಚ್ಚಲಿಲ್ಲ. ಕೊನೆಗೆ ಮುದುಕ ಕೋಲನ್ನು ಪಕ್ಕಕ್ಕಿಟ್ಟು, ಕೈಯೆತ್ತಿ, ಅಯೂಬನ ಎದೆಯ ಮೇಲಿನ ಪಿನ್ನನ್ನು ಹುಡುಕಿದ. ಬೆರಳು ಜಾರಿತು. ಪಿನ್ನು ಬಿಚ್ಚಲು ಬರಲಿಲ್ಲ. ಯಾರೋ ಸಹಾಯಕ್ಕೆ ಮುಂದೆ ಬಂದರು. ಅಯೂಬ ಅವರತ್ತ ನೋಡದೆಯೇ ತಲೆ ಅಲ್ಲಾಡಿಸಿದ.

ಬಿಚ್ಚಲಿ, ತಾನೇ ಬಿಚ್ಚಲಿ, ಎಂದುಕೊಂಡು ಜೈತುನಬಿ ಹೊಸ್ತಿಲ ಮೇಲೆ ನಿಂತೇ ಇದ್ದಳು.